ಅವ್ವ ಚಾಪೆಯ ಮೇಲೆ ಕುಳಿತ ಬೆಳಗು

ಬೆಳಗಾವಿಯ ರಾಮತೀರ್ಥ ನಗರದ ನಮ್ಮ ಮನೆಯ ಮಹಡಿಯಿಂದ ಈ ವಾರವೆಲ್ಲ ಒಂದೇ ಇಂಗ್ಲಿಷ್ ವಾಕ್ಯ ಕೇಳಿಬರುತ್ತಿದೆ. ಮೊಮ್ಮಗಳು ಬಿ.ಎಡ್. ಓದುತ್ತಿದ್ದಾಳೆ. ಮುಂದಿನ ವಾರ ಖಾನಾಪುರದ ಶಾಲೆಯೊಂದರಲ್ಲಿ ಅವಳ ಪಾಠ ನೋಡಲು ಪರೀಕ್ಷಕರು ಬರುತ್ತಾರೆ. ಖಾಲಿ ಕೋಣೆಯಲ್ಲಿ ಮೊಬೈಲನ್ನು ಎದುರಿಗಿಟ್ಟುಕೊಂಡು ಪಾಠ ಮಾಡುತ್ತಾಳೆ, ನಿಲ್ಲಿಸುತ್ತಾಳೆ, ಮತ್ತೆ ಮೊದಲಿನಿಂದ ಹಿಡಿಯುತ್ತಾಳೆ. ವಾಕ್ಯ ಶುರುವಾಗುವಾಗ ಗಟ್ಟಿಯಾಗಿದ್ದ ದನಿ ಮುಗಿಯುವಷ್ಟರಲ್ಲಿ ತೆಳ್ಳಗಾಗುತ್ತದೆ. ಎಲ್ಲವನ್ನೂ ಹೊತ್ತಿಗೆ ಸರಿಯಾಗಿ ಮಾಡಿಯೇ ರೂಢಿಯಾದ ನನಗೆ ಆ ದನಿ ಕಿವಿಗೆ ಬಿದ್ದರೆ ಕೂತಲ್ಲಿ ಕೂಡಲಾಗುವುದಿಲ್ಲ. ಮಡಿಚಿಟ್ಟ ಬಟ್ಟೆಯನ್ನೇ ಮತ್ತೆ ಬಿಚ್ಚಿ ಮಡಿಚುತ್ತೇನೆ. ಹಾಗೆ ತೆಳ್ಳಗಾಗುವ ದನಿಯನ್ನು ಕೇಳುತ್ತಲೇ ನಾನು ಬೆಳೆದದ್ದು.

ಅಪ್ಪ ಖಾನಾಪುರದಲ್ಲಿ ಗಣಿತದ ಮಾಸ್ತರರಾಗಿದ್ದರು. ಲೆಕ್ಕ ಹೇಳಿಕೊಡುವಾಗ ಅವರ ದನಿ ಓಣಿಯ ತುದಿಗೆ ಕೇಳುತ್ತಿತ್ತು. ಇಂಗ್ಲಿಷ್ ಕಲಿಸುತ್ತಿದ್ದವರು ವರ್ಗವಾಗಿ ಹೋದರು, ಅವರ ಜಾಗಕ್ಕೆ ಯಾರೂ ಬರಲಿಲ್ಲ, ಆ ವಿಷಯ ಅಪ್ಪನ ಹೆಗಲಿಗೆ ಬಿತ್ತು. ಅಂದಿನಿಂದ ನಮ್ಮ ಮನೆಯ ಬೆಳಗುಗಳ ಕ್ರಮವೇ ಬದಲಾಯಿತು. ನಸುಕಿನಲ್ಲಿ ಸ್ನಾನ, ವಿಭೂತಿ, ಪೂಜೆ. ಅದಾದ ಮೇಲೆ ಹಿತ್ತಲಲ್ಲಿ ಪಾಠ. ಹಿತ್ತಲ ಬಾಗಿಲಿಗೆ ಇದ್ದಿಲ ಪುಡಿ ಬಳಿದು ಅಪ್ಪ ಹಲಗೆ ಮಾಡಿಕೊಂಡಿದ್ದರು. ನಾನೂ ನನ್ನ ತಮ್ಮ ಬಸುವೂ ಚಾಪೆಯ ಮೇಲೆ ಕೈಕಟ್ಟಿ ಕೂಡಬೇಕು. ಅಂದು ಶಾಲೆಯಲ್ಲಿ ಮಾಡಬೇಕಾದ ಇಂಗ್ಲಿಷ್ ಪಾಠವನ್ನು ಅವರು ಒಂದಕ್ಷರ ಬಿಡದೆ ನಮ್ಮ ಮುಂದೆ ಹೇಳುವರು. ಸುತ್ತ ಒದ್ದೆ ಮಣ್ಣಿನ, ಸೆಗಣಿಯ, ಹಂಚಿನ ಮೇಲೆ ಬೇಯುವ ಜೋಳದ ಹಿಟ್ಟಿನ ವಾಸನೆ. ಒಳಗೆ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಅಪ್ಪನ ದನಿ ಎಲ್ಲಿ ಸಣ್ಣಗಾಯಿತೋ ಅಲ್ಲಿ ಆ ಬಡಿತ ನಿಲ್ಲುತ್ತಿತ್ತು. ಅವಳಿಗೆ ಇಂಗ್ಲಿಷ್ ಬಾರದು, ಗಂಡನ ದನಿ ಮಾತ್ರ ಗೊತ್ತಿತ್ತು. ಬಡಿತ ನಿಂತೊಡನೆ ಅಪ್ಪ ಬರೆದದ್ದನ್ನು ಅಳಿಸಿ ಮತ್ತೆ ಆರಂಭಿಸುವರು. ಹಿಂಗಾದರೆ ಮೊದಲು ಪಾಸಾಗುವುದು ಹಿತ್ತಲಲ್ಲಿ ಕಟ್ಟಿದ ನಮ್ಮ ಎಮ್ಮೆಯೇ ಎಂದು ಅವ್ವ ಒಳಗಿನಿಂದ ಚುಚ್ಚುತ್ತಿದ್ದಳು.

ಬೆಳಗಾವಿಯಿಂದ ತಪಾಸಣೆಗೆ ಸಾಹೇಬರು ಬರುತ್ತಾರೆ, ಅಪ್ಪನ ಇಂಗ್ಲಿಷ್ ತರಗತಿಯಲ್ಲೇ ಕೂಡುತ್ತಾರೆ ಎಂಬ ಸುದ್ದಿ ಬಂದಾಗ ಮನೆಯ ನೆಮ್ಮದಿ ಹೋಯಿತು. ಅಪ್ಪ ಪಡಸಾಲೆಯಿಂದ ಹಿತ್ತಲಿಗೆ, ಹಿತ್ತಲಿಂದ ಪಡಸಾಲೆಗೆ ಓಡಾಡಿದರು. ತಾಟಿನಲ್ಲಿ ಹಾಕಿಸಿಕೊಂಡದ್ದನ್ನು ಉಣ್ಣದೆ ಎದ್ದರು. ಸಾಹೇಬರು ಬರುವ ಹಿಂದಿನ ದಿನ ಸಂಜೆ ಅವ್ವನ ಮುಂದೆ ನಿಂತು, "ಹೆಡ್‌ಮಾಸ್ತರಿಗೆ ಹೇಳಿಬಿಡ್ತೀನಿ. ಇಂಗ್ಲೀಷ್ ನನ್ನ ಕೈಲೆ ಆಗೂದಿಲ್ಲ, ನನಗ ಲೆಕ್ಕಾನ ಸಾಕು" ಎಂದರು. ಅವ್ವ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಇಷ್ಟ್ ದಿನಾ ನಮ್ಮ ಮುಂದ ಹೇಳಿದ್ರಿ. ನಮಗ ಕಲಿಸೀರೇನು? ಒಮ್ಮೆರ ತಿಳೀತೇನ ಅಂತ ಕೇಳೀರೇನು?"

ಮರುದಿನ ಬೆಳಗ್ಗೆ ಅವ್ವ ಒಲೆಯ ಮೇಲಿನ ಹಂಚು ಇಳಿಸಿ, ಕೈಯಲ್ಲಿ ಹಿಟ್ಟು ಇರುವಂತೆಯೇ ಬಂದು ನಮ್ಮಿಬ್ಬರ ನಡುವೆ ಕುಳಿತಳು. ಅದು ದೋಣಿ ನಡೆಸುವವನೊಬ್ಬನ ಪಾಠ. ಮೊದಲ ವಾಕ್ಯಕ್ಕೇ ತಿಳಿಯಲಿಲ್ಲವೆಂದಳು. ಅಪ್ಪ ಕನ್ನಡದಲ್ಲಿ ಹೇಳಿದರು. ಅವ್ವ, ಅರ್ಥ ಆಯಿತು, ಆದರೆ ಅವನು ದೋಣಿ ನಡೆಸಿದ್ದು ಹೇಗೆ ಎಂದು ಕೇಳಿದಳು. ಅಪ್ಪ ಕಸಬರಿಗೆಯನ್ನು ಎತ್ತಿಕೊಂಡು ಚಾಪೆಯ ತುದಿಯಲ್ಲಿ ಕೂತು, ಅದನ್ನೇ ಹುಟ್ಟು ಮಾಡಿಕೊಂಡು ಇಲ್ಲದ ನೀರನ್ನು ಹಿಂದಕ್ಕೆ ತಳ್ಳತೊಡಗಿದರು. ಒಂದೊಂದು ಸಲ ತಳ್ಳುವಾಗಲೂ ಒಂದೊಂದು ಇಂಗ್ಲಿಷ್ ವಾಕ್ಯ. ಬಸು ಬಿದ್ದು ಬಿದ್ದು ನಕ್ಕ. ಆ ಹೊತ್ತು ಅವರ ಇಂಗ್ಲಿಷ್ ದನಿ ಓಣಿಯ ತುದಿಗೆ ಕೇಳಿರಬೇಕು. ಹೆಡ್‌ಮಾಸ್ತರಿಗೆ ಹೇಳುವ ಮಾತನ್ನು ಅವರು ಮತ್ತೆ ಎತ್ತಲಿಲ್ಲ.

ಅಪ್ಪ ಅಂದು ಪಾಠ ಮಾಡಬೇಕಿದ್ದ ತರಗತಿಯಲ್ಲೇ ನಾನೂ ಓದುತ್ತಿದ್ದೆ. ಸಾಹೇಬರು ಹಿಂದಿನ ಬೆಂಚಿನಲ್ಲಿ ಕುಳಿತಿದ್ದರು, ಅಪ್ಪ ಅವರನ್ನೇ ನೋಡುತ್ತ ಪಾಠ ಶುರುಮಾಡಿದರು. ಎರಡನೆಯ ವಾಕ್ಯಕ್ಕೆ ದನಿ ಇಳಿಯಿತು, ಮೂರನೆಯದು ನಡುವೆಯೇ ನಿಂತಿತು. ಆಗ ಅಪ್ಪ ಹಿಂದಿನ ಬೆಂಚಿನಿಂದ ಕಣ್ಣು ತೆಗೆದು ಮುಂದೆ ಕುಳಿತಿದ್ದ ತುಳಸಾಳನ್ನು ನೋಡಿದರು. ನಂದಗಡದಿಂದ ಬಂದು ಸೋದರಮಾವನ ಮನೆಯಲ್ಲಿದ್ದ, ಮನೆಯಲ್ಲಿ ಮರಾಠಿ ಆಡುವ, ಶಾಲೆಯಲ್ಲಿ ಬಾಯಿಯನ್ನೇ ತೆರೆಯದ ಹುಡುಗಿ ಅವಳು.

"ತಿಳೀತೇನವಾ?"

ಅವಳು, "ಇಲ್ರಿ ಸರ" ಎಂದಳು.

ಅಪ್ಪ ಮೇಜಿನ ಮೇಲಿನ ಬೆತ್ತ ತೆಗೆದುಕೊಂಡರು. ನಾವೆಲ್ಲ ತಲೆ ತಗ್ಗಿಸಿದೆವು. ಅವರು ಕುರ್ಚಿಯನ್ನು ತಿರುಗಿಸಿ ಕೂತು ಆ ಬೆತ್ತದಿಂದ ನೀರು ತಳ್ಳತೊಡಗಿದರು. ಇಂಗ್ಲಿಷ್, ಕನ್ನಡ, ತುಳಸಾಳಿಗಾಗಿ ಮರಾಠಿ. ಕೊನೆಗೆ ಅವಳೇ ಎದ್ದು ಆ ವಾಕ್ಯ ಹೇಳಿದಳು. ಇಂಗ್ಲಿಷ್ ತರಗತಿಯಲ್ಲಿ ಬೇರೆ ಭಾಷೆ ಜಾಸ್ತಿಯಾಯಿತು, ತಪ್ಪುಗಳೂ ಇದ್ದವು ಎಂದು ಸಾಹೇಬರು ಹೇಳಿಹೋದರು. ಅಪ್ಪ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಅವ್ವನಿಗೆ, "ಒಂದ ಹುಡುಗಿ ತಿಳೀಲಿಲ್ಲ ಅಂದ್ಲು" ಎಂದರು, ಬಹುಮಾನ ಬಂದವರ ಹಾಗೆ. ಸಾಹೇಬರು ಏನೆಂದರು ಎಂದು ಅವ್ವ ಕೇಳಿದಳು. ಏನೋ ಅಂದರು ಎಂದು ಅಪ್ಪ ಕುಡಿಯಲು ನೀರು ಕೇಳಿದರು.

ಮುಂದೆ ಮಾಸ್ತರರು ಇಂಗ್ಲಿಷಿನಲ್ಲಿ ಗಟ್ಟಿಯಾದರೆಂದು ಊರವರು ಮಾತಾಡಿಕೊಂಡರು. ನಿಜವೇ. ಅಪ್ಪನಿಗೆ ಮನೆಯಲ್ಲಿ ಪಾಠ ಒಪ್ಪಿಸಿ ನೋಡುವ ಅಗತ್ಯ ಉಳಿಯಲಿಲ್ಲ. ಯಾರೂ ಸಾಕೆನ್ನದೆ ಹಿತ್ತಲಿನ ಆ ಶಾಲೆ ತಾನಾಗಿ ಮುಚ್ಚಿತು. ಗೋವಾ ರಸ್ತೆ ಅಗಲವಾಗುವಾಗ ಆ ಮನೆಯೂ ಹೋಯಿತು. ಅಪ್ಪ, ಅವ್ವ, ಬಸು ಯಾರೂ ಈಗಿಲ್ಲ. ನಾನೂ ಮಾಸ್ತರಿಕೆ ಮಾಡಿ, ಸಾವಿರಾರು ಮಕ್ಕಳ ಮುಂದೆ ನಿಂತು ನಿವೃತ್ತಳಾದೆ. ಆದರೂ ಒಂದು ಬೆಳಗು ಮನಸ್ಸಿನಲ್ಲಿ ಕುಳಿತು ಏಳುವುದೇ ಇಲ್ಲ. ತಪಾಸಣೆ ಮುಗಿದ ಕೆಲವು ದಿನಕ್ಕೆ ಅವ್ವ ಬೇಗ ರೊಟ್ಟಿ ಮುಗಿಸಿ, ಕೈ ತೊಳೆದು, ತಾನೇ ಚಾಪೆ ಹಾಸಿ ನಮ್ಮನ್ನು ಅಕ್ಕಪಕ್ಕ ಕೂರಿಸಿಕೊಂಡಿದ್ದಳು.

"ಇವತ್ತ ಯಾವ ಪಾಠರೀ?" ಎಂದಳು.

"ಇವತ್ತ ಬ್ಯಾಡ ಬಿಡ. ಈಗ ನನಗ ಬರತೈತಿ" ಎಂದು ಅಪ್ಪ ನಗುತ್ತ ಶಾಲೆಗೆ ಹೊರಟರು.

ಅವರು ಓಣಿ ತಿರುಗುವವರೆಗೆ ಅವ್ವ ಹಾಗೆಯೇ ಕುಳಿತಿದ್ದಳು. ಆಮೇಲೆ ನಮ್ಮನ್ನು ಎಬ್ಬಿಸಿ ಚಾಪೆ ಸುತ್ತಿದಳು.