ಎಂಟುನೂರ ಎಪ್ಪತ್ತು ಗ್ರಾಂ ಬೂಟು

ನಮ್ಮ ಬೀದಿಯಲ್ಲಿ ಪಾದರಕ್ಷೆ ಹೊಲಿಯುವ ಹೆಂಗಸನ್ನು ಎಲ್ಲರೂ ಅಟ್ಟೆಯಮ್ಮ ಎನ್ನುತ್ತಾರೆ. ಅಟ್ಟೆಯೆಂದರೆ ಬೂಟಿನ ತಳ; ಆ ಹೆಸರಿಗೆ ಆಕೆಯ ಆಕ್ಷೇಪವಿಲ್ಲ. ವಯಸ್ಸು ಅರವತ್ತೊಂದು, ಕಸುಬು ನಲವತ್ತೆರಡು ವರ್ಷದ್ದು, ಅಂಗಡಿಯ ಅಗಲ ಏಳೂಕಾಲು ಅಡಿ. ಅಗಲವನ್ನು ನಾನೇ ಅಳೆದಿದ್ದೇನೆ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಇನ್ಸ್‌ಪೆಕ್ಟರಾಗಿದ್ದವನು ಕಣ್ಣಂದಾಜಿನ ಮಾತಾಡಬಾರದು.

ಈ ಅಟ್ಟೆಯಮ್ಮ ಮೈದುನನನ್ನು ಮರುಳುಮಾಡಿ ಆಟ ಗೆದ್ದರೆಂದು ಬೀದಿಯಲ್ಲಿ ಕೆಲವರು ಆಡಿಕೊಳ್ಳುತ್ತಿದ್ದಾರೆ. ಇದು ಶುದ್ಧ ಸುಳ್ಳು. ಅಂದು ತಕ್ಕಡಿ ಹಿಡಿದವನು ನಾನು. ಆದುದರಿಂದ ನಡೆದುದನ್ನು ನಡೆದಂತೆ ದಾಖಲಿಸುತ್ತಿದ್ದೇನೆ.

ಪ್ರತಿ ಭಾನುವಾರ ಮಧ್ಯಾಹ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ಆಟ ನಡೆಯುತ್ತದೆ. ಆಕೆಯ ಮೈದುನ, ಗ್ರಂಥಾಲಯದಲ್ಲಿ ಕೆಲಸದಲ್ಲಿರುವವರು, ಹಳೆಯ ಕಾಲದ ಯುದ್ಧದ ಕಥೆಯೊಂದನ್ನು ಹೇಳುತ್ತ ಹೋಗುತ್ತಾರೆ. ಉಳಿದವರು ಒಂದೊಂದು ಪಾತ್ರವಾಗಿ ಅದರೊಳಗೆ ನಡೆಯುತ್ತಾರೆ. ಸಂದೇಹ ಬಂದಲ್ಲಿ ದಾಳ, ವಾದ ಬಂದಲ್ಲಿ ನಿಯಮದ ಪುಸ್ತಕ. ಮೊದಲ ಎರಡು ತಿಂಗಳು ಅಟ್ಟೆಯಮ್ಮ ಬಾಗಿಲ ಬಳಿ ಹೊಲಿಯುತ್ತ ಸುಮ್ಮನೆ ಕೇಳಿಸಿಕೊಂಡಿದ್ದರು. ಮೂರನೆಯ ತಿಂಗಳು ತಡೆಯಲಾಗದೆ, "ನಿಮ್ಮ ಸಿಪಾಯಿಗಳು ಇಷ್ಟೊಂದು ನಡೀತಾರೆ, ಒಬ್ಬರದೂ ಅಟ್ಟೆ ಸವೆಯೋದೇ ಇಲ್ವಾ?" ಎಂದರು. ಅಂದೇ ಅವರನ್ನೂ ಸಿಪಾಯಿಯನ್ನಾಗಿ ಮಾಡಿಕೊಂಡರು. ಅದಾಗಿ ಮೂರು ವರ್ಷ.

ತೊಂದರೆ ಎದ್ದದ್ದು ಹಗ್ಗದ ಸೇತುವೆಯ ಮೇಲೆ. ನಮ್ಮ ಬೀದಿಯ ಬಸ್ ಡ್ರೈವರ್ ಆ ಆಟದಲ್ಲಿ ಗಾಯಕ. ಬಾಣ ತಗುಲಿ ಬಿದ್ದಿದ್ದ ಗಾಯಕನನ್ನು ಅಟ್ಟೆಯಮ್ಮನ ಸಿಪಾಯಿ ಹೆಗಲ ಮೇಲೆ ಹೊತ್ತು ಹೊಳೆ ದಾಟಿಸಬೇಕಿತ್ತು. ಬಿಟ್ಟರೆ ಅವನು ಸತ್ತಂತೆ, ಮೂರು ವರ್ಷದ ಪಾತ್ರ ಅಲ್ಲಿಗೆ ಮುಗಿದಂತೆ. ದಾಟುವವರ ಮೈತೂಕ ಬಿಟ್ಟು ಸೇತುವೆ ತಡೆಯುವ ಹೊರೆ ನೂರು ಕಿಲೋ. ಮೈದುನ ಕೂಡಿದರು: ಗಾಯಕ ಐವತ್ತೆಂಟು, ಕಬ್ಬಿಣದ ಬಳೆ ಹೆಣೆದ ಸಿಪಾಯಿಯ ಬಳೆಗವಚ ಇಪ್ಪತ್ತೈದು, ಕತ್ತಿ ಚೀಲ ಸೇರಿ ಹದಿನಾರು, ಜೋಡಿ ಬೂಟು ಎರಡೂವರೆ. ಒಟ್ಟು ನೂರೊಂದೂವರೆ.

ಕತ್ತಿ, ಕವಚ ಬಿಡುವಂತಿಲ್ಲ, ಆಚೆ ದಡದಲ್ಲಿ ಶತ್ರುಗಳು. ಚೀಲದಲ್ಲಿದ್ದುದು ಗಾಯದ ಮದ್ದು. ಬೂಟು ಬಿಚ್ಚಿದರೆ ಚೂಪುಗಲ್ಲಿನ ದಾರಿ.

"ಅಕ್ಕಾ, ನನ್ನ ಬಿಟ್ಟುಬಿಡಿ ಪರವಾಗಿಲ್ಲ," ಎಂದರು ಡ್ರೈವರ್. ಆ ದನಿಯಲ್ಲಿ ಪರವಾಗಿಲ್ಲ ಎನ್ನುವಂಥದ್ದೇನೂ ಇರಲಿಲ್ಲ.

"ನೀನು ಸುಮ್ನಿರಪ್ಪ, ಬಾಣ ಬಿದ್ದಿದೆ, ಮಾತಾಡಬಾರದು," ಎಂದ ಅಟ್ಟೆಯಮ್ಮ ಮೈದುನನತ್ತ ತಿರುಗಿದರು. "ಎರಡೂವರೆ ಕಿಲೋ ಬೂಟಾ? ಅದು ಬೂಟೋ, ಒರಳುಕಲ್ಲೋ?"

"ಪುಸ್ತಕದಲ್ಲಿ ಹಾಗೇ ಇದೆ ಅತ್ತಿಗೆ."

"ಪುಸ್ತಕ ಬರೆದೋನು ಬೂಟು ಹೊಲಿದಿದ್ನಾ? ಒಂದು ವಾರ ಟೈಮ್ ಕೊಡು, ಅಂಥದ್ದೇ ಹೊಲಿದು ತೂಗಿಸಿ ತೋರಿಸ್ತೀನಿ."

ಇದಕ್ಕೆ ಮೈದುನ ಒಪ್ಪಿದರು. ಪಂಚನಾಗಿ ನನ್ನನ್ನು ಕರೆದರು. ಪುಸ್ತಕದ ಕವಚದ ತೂಕ ನೋಡಿಯೇ ನನ್ನ ರಕ್ತ ಕುದಿಯಿತು. ಮೊಣಕಾಲಿನವರೆಗಿನ ಬಳೆಗವಚ ಸಾಮಾನ್ಯವಾಗಿ ಹತ್ತು ಹನ್ನೆರಡು ಕಿಲೋ ಇರುತ್ತದೆ. ಇಷ್ಟು ಹೇಳಿದರೆ ಆಕೆ ಅಂದೇ ಗೆಲ್ಲುತ್ತಿದ್ದರು. ಹೇಳಿದೆ ಕೂಡ. ಆಕೆ ತಲೆಯಾಡಿಸಿದರು: "ಕಬ್ಬಿಣ ನನ್ನ ಕಸುಬಲ್ಲ ಸಾರ್. ನನ್ನ ಕೈ ತೂಗದ್ದನ್ನ ನಾನು ವಾದಕ್ಕೆ ತರಲ್ಲ."

ಆ ವಾರವೆಲ್ಲ ಹೊಲಿದರು. ಮಾದರಿಗೆ ಮೈದುನನೇ ಗ್ರಂಥಾಲಯದಿಂದ ತಂದುಕೊಟ್ಟ ಚಿತ್ರಗಳಿದ್ದವು: ಕೆಸರಿನಲ್ಲಿ ಸಿಕ್ಕ ಹಳೆಯ ಬೂಟು, ಒಂದೇ ಪದರದ ಅಟ್ಟೆ, ಹಿಮ್ಮಡಿಯಲ್ಲಿ ಎತ್ತರವಿಲ್ಲ, ಮೊಳೆಯೂ ಇಲ್ಲ. ಅಂಥದ್ದನ್ನು ಒಳಮೈ ಹೊರಗೆ ಮಾಡಿ ಹೊಲಿದು, ಚರ್ಮ ನೆನೆಸಿ, ಅಂಗಿ ಮಗುಚಿದಂತೆ ಮಗುಚಬೇಕು.

ಭಾನುವಾರ ನಾನು ತಕ್ಕಡಿಯೊಂದಿಗೆ ಹೋದಾಗ ಆಕೆ ಮುಂಗಟ್ಟೆಯಲ್ಲಿ ಗಿರಾಕಿಯೊಬ್ಬರ ಚಪ್ಪಲಿಯ ಪಟ್ಟಿ ಹೊಲಿಯುತ್ತಿದ್ದರು. ಮೈದುನ ಆತುರಗಾರ. ಕಪಾಟಿನ ಮೇಲಿದ್ದ ಬೂಟುಗಳನ್ನು ತಾವೇ ಇಳಿಸಿ ತಟ್ಟೆಯಲ್ಲಿಟ್ಟರು. ಎರಡು ಕಿಲೋ ಆರುನೂರ ನಲವತ್ತು ಗ್ರಾಂ. ನಾನು ಮೂರು ಬಾರಿ ತೂಗಿ, ಕಾಗದದಲ್ಲಿ ಬರೆದು, ಸಹಿ ಹಾಕಿದೆ.

"ಅತ್ತಿಗೆ, ಪುಸ್ತಕದೋರೇ ಪಾಪ ನೂರ ನಲವತ್ತು ಗ್ರಾಂ ಬಿಟ್ಟುಕೊಟ್ಟಿದಾರೆ!" ಎಂದು ಮೈದುನ ಕೂಗಿದರು. ಡ್ರೈವರ್ ತಮ್ಮ ಪಾತ್ರದ ಹಾಳೆಯನ್ನು ನಾಲ್ಕಾಗಿ ಮಡಚತೊಡಗಿದರು.

ಅಟ್ಟೆಯಮ್ಮ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ಒಳಬಂದರು. ತಟ್ಟೆಯನ್ನು ನೋಡಿದರು, ಆಮೇಲೆ ನನ್ನನ್ನು.

"ಸಾರ್, ಡಬ್ಬಿ ಸಮೇತ ತೂಗಿ ಮಾರೋ ಅಂಗಡಿಯವರಿಗೆ ನೀವೇನು ಮಾಡ್ತಿದ್ರಿ?"

"ದಂಡ ಹಾಕುತ್ತಿದ್ದೆ."

"ಹಾಗಾದ್ರೆ ಈಗ ಯಾರಿಗೆ ಹಾಕೋಣ?" ಎಂದು ಆಕೆ ಬೂಟಿನೊಳಗೆ ಕೈಹಾಕಿ, ಕಾಲಿನಾಕಾರದ ಮರದ ಅಚ್ಚನ್ನು ಎಳೆದು ಮೇಜಿನ ಮೇಲಿಟ್ಟರು. ಇನ್ನೊಂದನ್ನೂ ಇಟ್ಟರು. ಒದ್ದೆ ಬೂಟು ಆಕಾರ ಕೆಡದೆ ಒಣಗಲೆಂದು ಅಚ್ಚಿನ ಮೇಲೆ ಬಿಡುವುದು ಆ ಕಸುಬಿನ ನಿಯಮ. ಮೂವತ್ತನಾಲ್ಕು ವರ್ಷದ ಸೇವೆಯಲ್ಲಿ ಒಳಗೇನಿದೆಯೆಂದು ನೋಡದೆ ನಾನು ಸಹಿ ಹಾಕಿದ್ದು ಅದೊಂದೇ ಕಾಗದ. ಅದನ್ನು ಹರಿದುಹಾಕಿಲ್ಲ, ಅಡ್ಡಗೆರೆ ಎಳೆದು ಇಟ್ಟುಕೊಂಡಿದ್ದೇನೆ.

ಬರಿಯ ಬೂಟು ಎಂಟುನೂರ ಎಪ್ಪತ್ತು ಗ್ರಾಂ.

"ಇನ್ನೂ ಹಸಿ ಇದೆ," ಎಂದರು ಅಟ್ಟೆಯಮ್ಮ. "ಒಣಗಿದ್ರೆ ಮತ್ತೆ ನೂರು ಗ್ರಾಂ ಇಳಿಯುತ್ತೆ."

"ಅದು ಲೆಕ್ಕಕ್ಕಿಲ್ಲ," ಮೈದುನ ಥಟ್ಟನೆ ಹಿಡಿದರು. "ಹೋದ ವಾರ ತಾನೇ, ಸೇತುವೆಗೆ ಮುಂಚೆ, ಸಿಪಾಯಿ ತೊರೆ ದಾಟಿದ್ದು. ಒದ್ದೆ ಬೂಟೇ."

ನ್ಯಾಯವಾದ ಮಾತು, ನಾನು ಅದನ್ನು ಎತ್ತಿಹಿಡಿದೆ. ಪುಸ್ತಕದ ಎರಡೂವರೆಯಲ್ಲಿ ಎಂಟುನೂರ ಎಪ್ಪತ್ತು ಕಳೆದರೆ ಉಳಿಯುವುದು ಒಂದು ಕಿಲೋ ಆರುನೂರ ಮೂವತ್ತು. ಇಳಿಸಬೇಕಿದ್ದುದು ಒಂದೂವರೆ. ನೂರ ಮೂವತ್ತು ಗ್ರಾಂ ಅಂತರದಲ್ಲಿ ಸಿಪಾಯಿ ಗಾಯಕನನ್ನು ಹೊತ್ತು ಆಚೆ ದಡ ಸೇರಿದರು. ಇದರಲ್ಲಿ ಮರುಳುಮಾಡಿದ್ದು ಎಲ್ಲಿದೆಯೋ, ಆಡಿಕೊಳ್ಳುವವರು ತೋರಿಸಲಿ.

ಡ್ರೈವರ್ ಮಡಚಿದ ಹಾಳೆಯನ್ನು ಬಿಡಿಸಿ ಮೊಣಕೈಯಿಂದ ಉಜ್ಜಿ ನೇರಮಾಡಿದರು. ಅದರಲ್ಲಿ ಗಾಯಕನ ತೂಕವೆಂದು ಅವರ ಕೈಬರಹದಲ್ಲೇ ಐವತ್ತೆಂಟು ಎಂದಿದೆ. ಡ್ರೈವರ್ ಕೂತ ಭಾರಕ್ಕೆ ಹರಿದ ಕುರ್ಚಿಗೆ ಅಟ್ಟೆಯಮ್ಮ ಎರಡು ಸಲ ಹೊಸ ಪಟ್ಟಿ ಹಾಕಿಕೊಟ್ಟಿದ್ದಾರೆ. ಆ ತೂಕವನ್ನು ಪರಿಶೀಲಿಸಲು ನನಗೆ ಯಾರೂ ಹೇಳಲಿಲ್ಲ. ನಾನೂ ತಕ್ಕಡಿಯನ್ನು ಚೀಲಕ್ಕೆ ಹಾಕಿಕೊಂಡೆ.