ಕರಿ ದಾರದ ಬಾಟಲಿ

ಆ ದಿನ ನಮ್ಮ ಹಿತ್ತಿಲಲ್ಲಿ ಕುರಿಗಳ ಉಣ್ಣೆ ಕತ್ತರಿಸುವ ಕೆಲಸ ನಡೆದಿತ್ತು. ಅಪ್ಪ ಬೇವಿನ ನೆರಳಿನಲ್ಲಿ ಕುಳಿತು, ಒಂದೊಂದೇ ಕುರಿಯನ್ನು ಮಗ್ಗುಲಿಗೆ ಮಲಗಿಸಿ, ಕಾಲು ಕಟ್ಟಿ ಕತ್ತರಿ ಆಡಿಸುತ್ತಿದ್ದ. ಉದುರಿದ್ದರಲ್ಲಿ ಕರಿಯ ಉಣ್ಣೆ, ಬಿಳಿಯ ಉಣ್ಣೆ ಬೇರೆ ಮಾಡಿ ಬುಟ್ಟಿ ತುಂಬುವುದು ನನ್ನ ಕೆಲಸ. ನಾನು ಏಳನೇ ಇಯತ್ತೆ ಮುಗಿಸಿ ಮನೆಯಲ್ಲಿದ್ದೆ. ಮದುವೆಯ ಮಾತು ನಡೆದಿತ್ತು.

"ಈ ಕುರಿ ನಿನ್ನಂಗ ನೋಡ ಯವ್ವಾ. ಹಿಡಿಯೂತನಾ ಓಡತೈತಿ, ಹಿಡದ ಮ್ಯಾಲ ಗಪ್ಪ ಆಗತೈತಿ," ಅಂದ ಅಪ್ಪ ನನಗೆ.

"ನಿಮ್ಮಂಗ ಬಾಯಿ ಇಲ್ಲಲ್ರಿ ಅದಕ್ಕ, ಪಾಪ," ಎಂದಳು ಅವ್ವ ಒಳಗಿನಿಂದ.

ಮಧ್ಯಾಹ್ನ ರೊಟ್ಟಿ ತಿಂದು ಅಪ್ಪ ಒಂದು ಕರಿ ಕುರಿ ಹಿಡಿದ. ಒಂದು ಮಗ್ಗುಲು ಮುಗಿದಿತ್ತು. ಕತ್ತರಿ ನಿಂತಿತು. ಎಡಗೈಯನ್ನು ಪಕ್ಕೆಲುಬಿನ ಕೆಳಗೆ ಒತ್ತಿಕೊಂಡು ಅಪ್ಪ ಗೋಡೆಗೆ ಒರಗಿದ. "ಏನೋ ಹಿಡದಂಗ ಆತು. ಉಳದದ್ದು ನಾಳಿ ಮಾಡೂನು," ಅಂದ. ಕಟ್ಟು ಬಿಚ್ಚಿದ ಕುರಿ ಅರ್ಧ ಮೈ ಬೋಳಾಗಿ, ಅರ್ಧ ಮೈ ಉಣ್ಣೆ ಹೊತ್ತು ಎದ್ದು ನಿಂತಿತು. ನಾವೆಲ್ಲ ನಕ್ಕೆವು, ಅಪ್ಪನೂ ನಕ್ಕ.

ಮರುದಿನ ಅಪ್ಪ ಕತ್ತರಿ ಹಿಡಿಯಲಿಲ್ಲ. ಕೆಲವೇ ದಿನಗಳಲ್ಲಿ ಪಾದ ಬಾತವು. ನಾಲ್ಕು ಹೆಜ್ಜೆ ನಡೆದರೆ ಉಸಿರು ಮೇಲಕ್ಕೆ ಬರುತ್ತಿತ್ತು. ಅಪ್ಪನ ತಮ್ಮ, ನಮ್ಮ ಕಾಕಾ, ಒಬ್ಬನೇ ಮಹಾರಾಷ್ಟ್ರಕ್ಕೆ ಸೇರಿದ ನಮ್ಮ ತಾಲೂಕಿನ ಊರು ಜತ್ತಕ್ಕೆ ಹೊರಟ. ಅಲ್ಲಿನ ಡಾಕ್ಟರು ಮರಾಠಿಯವರು. ಉಣ್ಣೆ, ಕುರಿ ಮಾರಿ ಮಾರಿ ಕಾಕಾನ ಮರಾಠಿ ಚೊಕ್ಕ ಇತ್ತು. ಅಪ್ಪನ ತೊಂದರೆಯನ್ನೆಲ್ಲ ಅವನೇ ಹೇಳಿ ಕೆಂಪು ಔಷಧ ತಂದ. ಆಗ ದವಾಖಾನೆಗೆ ಬಾಟಲಿ ನಾವೇ ಒಯ್ಯಬೇಕಿತ್ತು. ಕಂಪೌಂಡರು ಅದಕ್ಕೆ ಔಷಧ ತುಂಬಿ, ಹೊತ್ತು ಹೊತ್ತಿಗೆ ಎಷ್ಟು ಕುಡಿಯಬೇಕೆಂದು ತಿಳಿಯಲು ಹಲ್ಲು ಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸುತ್ತಿದ್ದ.

"ಮುಗದ ಮ್ಯಾಲ ಬಾಟ್ಲಿ ಕಳಸ್ರಿ, ತುಂಬಿ ಕೊಡ್ತೀನಿ. ಪೇಶಂಟಗ ಯಾಕ ತ್ರಾಸ?" ಎಂದಿದ್ದನಂತೆ ಅವನು.

ನಮಗೆ ಅದು ದೊಡ್ಡ ಉಪಕಾರ ಅನ್ನಿಸಿತು. ಊರಿನವರೆಲ್ಲ ಹಾಗೆಯೇ ಮಾಡುತ್ತಿದ್ದರು. ಬಜಾರಕ್ಕೆ ಹೊರಟವರ ಚೀಲದಲ್ಲಿ ಇದ್ದಬದ್ದವರ ಬಾಟಲಿಗಳೆಲ್ಲ ಹೋಗಿ, ತುಂಬಿಕೊಂಡು ಬರುತ್ತಿದ್ದವು. ನಮ್ಮದು ಬೇರೆಯವರದರಲ್ಲಿ ಸೇರಬಾರದೆಂದು ಅಪ್ಪ ಕರಿ ಉಣ್ಣೆಯ ದಾರ ಹೊಸೆದು ಅದರ ಕುತ್ತಿಗೆಗೆ ಕಟ್ಟಿದ.

ಅಲ್ಲಿಂದ ನಮ್ಮ ಮನೆ ಬಸ್ಸಿನ ಹಾದಿ ಕಾಯತೊಡಗಿತು. ಸಂಜೆಯಾದರೆ ನನಗೆ ಒಲೆಯ ಮುಂದೆ ಕೂರಲು ಆಗುತ್ತಿರಲಿಲ್ಲ. ಹಂಚಿನ ಮೇಲೆ ರೊಟ್ಟಿ ಬಿಟ್ಟು ಹೊರಗೆ ಬರುತ್ತಿದ್ದೆ, ಧೂಳು ಎದ್ದಿತೇ ಎಂದು ನೋಡಿ ಒಳಗೆ ಹೋಗುತ್ತಿದ್ದೆ, ಮತ್ತೆ ಬರುತ್ತಿದ್ದೆ. ರೊಟ್ಟಿ ಸೀಯುತ್ತಿತ್ತು. "ಎಸ್.ಟಿ. ಬಂತೇನು?" ಎಂದು ಅಪ್ಪ ಹಾಸಿಗೆಯಿಂದಲೇ ಕೇಳುತ್ತಿದ್ದ. ಒಮ್ಮೆ ಬಾಟಲಿ ಯಾರದೋ ಮನೆಯಲ್ಲಿ ಉಳಿಯಿತು. ಒಮ್ಮೆ ಬೂಚು ಸಡಿಲಾಗಿ ಔಷಧವೆಲ್ಲ ಬೆಲ್ಲದ ಚೀಲಕ್ಕೆ ಸುರಿಯಿತು. "ಬೆಲ್ಲಕ್ಕರೆ ಗುಣಾ ಆಗಲಿ ಬಿಡು," ಅಂದ ಅಪ್ಪ. ಇನ್ನೊಮ್ಮೆ ಕೆಂಪು ಔಷಧದ ಬದಲು ಹಳದಿ ಬಂತು. ಡಾಕ್ಟರು ಬದಲಿಸಿದರೋ, ಕೆಂಪು ತೀರಿತ್ತೋ, ತಂದವರಿಗೂ ತಿಳಿದಿರಲಿಲ್ಲ. ಹಳದಿಯನ್ನೇ ಕುಡಿಸಿದೆವು. ಬಾವು ಮೊಣಕಾಲಿಗೆ ಏರಿತ್ತು.

ಆಗ ಮುಚ್ಚಂಡಿಯಿಂದ ಅತ್ತೆ ಬಂದಳು, ಅಪ್ಪನ ಅಕ್ಕ. ಅಪ್ಪನ ಕಾಲು ಮುಟ್ಟಿ ನೋಡಿ, "ಡಾಕ್ಟರ್ ಏನಂದ್ರು?" ಎಂದು ಕೇಳಿದಳು.

"ಔಷಧ ಕೊಟ್ಟಾರ್ರಿ," ಅಂದಳು ಅವ್ವ.

"ಅದಲ್ಲ ಬೇ. ನನ್ನ ತಮ್ಮನ್ನ ನೋಡಿ ಏನಂದ್ರು?"

ಕಾಕಾ, "ಪ್ರತಿ ಸಲ ಬಾಟ್ಲಿ ಹೋಗೇತಲ್ಲಕ್ಕಾ," ಅಂದ.

"ಬಾಟ್ಲಿಗೆ ನಾಡಿ ಐತೇನೋ, ತಮ್ಮಾ?"

ಮರುದಿನ ಬೆಳಗ್ಗೆ ಜೀಪು ಹೇಳಿದೆವು. ಮದುವೆಗೆ ಹೊರಟವನ ಹಾಗೆ ಅಪ್ಪ ತೊಳೆದ ಧೋತರ ಉಟ್ಟು, ತಲೆಗೆ ಪಟಗಾ ಸುತ್ತಿಕೊಂಡ. ಇಬ್ಬರು ಹಿಡಿದು ಹತ್ತಿಸಿದರು. ದವಾಖಾನೆಯಲ್ಲಿ ಕೂರಲು ಜಾಗವಿರಲಿಲ್ಲ. ಕಂಪೌಂಡರು ಕಿಟಕಿಯಿಂದ ಕೈ ಚಾಚಿದ.

"ಬಾಟ್ಲಿ ಕೊಡ್ರಿ."

"ಬಾಟ್ಲಿ ತಂದಿಲ್ರಿ. ಪೇಶಂಟನ್ನ ಕರಕೊಂಡ ಬಂದೀವಿ," ಅಂದ ಕಾಕಾ.

"ಔಷಧ ಎದರಾಗ ಹಾಕ್ಲಿ ಮತ್ತ? ಬೊಗಸ್ಯಾಗ?"

ಕಾಯುತ್ತ ಕೂತವರು ನಕ್ಕರು. ಕಾಕಾ ಊರು ಹೇಳಿದ, ಅಪ್ಪನ ಹೆಸರು ಹೇಳಿದ. ಕಂಪೌಂಡರಿಗೆ ನೆನಪಾಗಲಿಲ್ಲ. ಬಾಟಲಿಯ ದಾರದ ಮಾತು ತೆಗೆದಾಗ ಅವನ ಮುಖ ಅರಳಿತು. "ಕರೀ ದಾರದ್ದಾ? ಹಂಗ ಹೇಳ್ರಲ್ಲಾ! ಕುಂದ್ರಿ, ಸಾಹೇಬ್ರು ಹೊರಗ ಹೋಗ್ಯಾರ."

ಸಾಹೇಬರು ಬಂದಾಗ ಮಧ್ಯಾಹ್ನ ದಾಟಿತ್ತು. ಅಷ್ಟರಲ್ಲಿ ನಾನು ಎಷ್ಟು ಸಲ ಬೀದಿಗೆ ಹೋಗಿ ಬಂದೆನೋ. ಎಣ್ಣೆ ಅಂಗಡಿಯಲ್ಲಿ ಒಂದು ಖಾಲಿ ಬಾಟಲಿ ಬೇಡಿ ತಂದು, ಹಿಂದಿನ ನಲ್ಲಿಯಲ್ಲಿ ತೊಳೆದೆ. ಒಣಗಲಿಲ್ಲವೆಂದು ಬಿಸಿಲಿಗೆ ಹಿಡಿದು ನಿಂತೆ. "ಒಂದ ಕಡೆ ಕುಂದರ ಬೇ," ಎಂದಳು ಅವ್ವ.

ಒಳಗೆ ಕರೆದಾಗ ಕಂಪೌಂಡರು ಬಾಗಿಲಿನಿಂದಲೇ, "ಜುನಾ ಪೇಶಂಟ್," ಅಂದ. ಹಳೆಯ ರೋಗಿ ಎಂದು. ಡಾಕ್ಟರು ತಲೆ ಎತ್ತಿ, ಔಷಧದಿಂದ ಗುಣ ಬಂತೇ ಎಂದು ಮರಾಠಿಯಲ್ಲಿ ಕೇಳಿದರು.

ಅಪ್ಪ ಕೈ ಮುಗಿದ. "ಭಾಳ ಗುಣಾ ಬಂದೈತ್ರಿ, ಸಾಹೇಬ್ರ."

ಅವ್ವ ಹಿಂದಿನಿಂದ ಅವನ ಅಂಗಿ ಜಗ್ಗಿದಳು. ನಮ್ಮಲ್ಲಿ ಉಂಡ ಮನೆಯ ಸಾರು ಉಪ್ಪಾಗಿದ್ದರೂ ಚಲೋ ಆಗೇತಿ ಅನ್ನಬೇಕು. ಕೊಟ್ಟವರ ಎದುರಿಗೆ, ಕೊಟ್ಟದ್ದು ನಾಟಲಿಲ್ಲ ಅನ್ನಬಾರದು. ಗುಣ ಎಂಬ ಮಾತು ಎರಡೂ ಭಾಷೆಯಲ್ಲಿ ಒಂದೇ, ಡಾಕ್ಟರಿಗೆ ಸಂತೋಷವಾಯಿತು. ಅದೇ ಔಷಧ ಮುಂದುವರಿಸಿ ಎಂದರು. ಎದೆ ನೋಡುವ ನಳಿಗೆ ಅವರ ಕೊರಳಲ್ಲೇ ಇತ್ತು. "ಸಾಹೇಬ್ರ, ಅವನ ಎದಿಯರೆ ನೋಡ್ರಿ, ಕಾಲರೆ ನೋಡ್ರಿ," ಎಂದು ಅತ್ತೆ ಕನ್ನಡದಲ್ಲಿ ಅನ್ನುತ್ತಿದ್ದಳು. ಕಾಕಾ ಅದನ್ನು ಮರಾಠಿಯಲ್ಲಿ ಹೇಳುವಷ್ಟರಲ್ಲಿ ಮುಂದಿನವರು ಒಳಗೆ ಬಂದಿದ್ದರು.

ಜೀಪಿನಲ್ಲಿ ಅವ್ವ, "ಯಾಕ ಹಂಗಂದ್ರಿ?" ಎಂದು ಅತ್ತಳು.

"ಅಷ್ಟ ಮಂದ್ಯಾಗ ಅವರ ಔಷಧ ಸುಳ್ಳ ಅನ್ನಲೇನ?" ಅಂದ ಅಪ್ಪ. ಉಸಿರು ಹಿಡಿದು ಹಿಡಿದು ಮಾತಾಡುತ್ತಿದ್ದ. ಸ್ವಲ್ಪ ದೂರ ಬಂದ ಮೇಲೆ ಕಾಕಾನ ಕಡೆ ತಿರುಗಿ, "ಆ ಕುರಿದು ಉಳದ ಉಣ್ಣಿ ತಗದೇನೋ?" ಎಂದು ಕೇಳಿದ. ಕಾಕಾ ಎಂದೋ ತೆಗೆದಿದ್ದ.

ಎಣ್ಣೆ ಅಂಗಡಿಯ ಬಾಟಲಿಯಲ್ಲಿ ಔಷಧ ಇನ್ನೂ ಉಳಿದಿರುವಾಗಲೇ ಅಪ್ಪ ಹೋದ. ಬೆಳಗಿನ ಹೊತ್ತು, ಅವ್ವ ಚಹಾ ತರಲು ಒಳಗೆ ಹೋಗಿದ್ದಳು.

ಮಾತಾಡಿಸಲು ಬಂದವರೆಲ್ಲ ಏನಾಗಿತ್ತು ಎಂದು ಕೇಳಿದರು. ಒಬ್ಬರಿಗೆ ಅವ್ವ ಎದೆ ಅಂದಳು, ಇನ್ನೊಬ್ಬರಿಗೆ ಹೊಟ್ಟೆ, ಮತ್ತೊಬ್ಬರಿಗೆ ಕಾಲು ಬಾತಿದ್ದವು ಅಂದಳು. ಈಗ ನನ್ನನ್ನು ನೋಡುವ ಡಾಕ್ಟರು ತಂದೆ-ತಾಯಿಗೆ ಏನಾದರೂ ಕಾಯಿಲೆ ಇತ್ತೇ ಎಂದು ಕೇಳುತ್ತಾರೆ. ಅವ್ವನದು ಹೇಳುತ್ತೇನೆ. ಅಪ್ಪನಿಗೆ ಏನಾಗಿತ್ತು ಎಂದು ನನಗೆ ಇಂದಿಗೂ ಗೊತ್ತಿಲ್ಲ.