ಏಳನೇ ತಿಂಗಳ ಗ್ರಹಣ

ನಮ್ಮ ಜೀವಶಾಸ್ತ್ರದ ಮೇಡಂ ಅವರ ಮೇಲ್ತುಟಿಯಿಂದ ಮೂಗಿನವರೆಗೆ ಹಳೆಯ ಹೊಲಿಗೆಯ ಗುರುತೊಂದಿತ್ತು. 'ಪ', 'ಬ' ಅಕ್ಷರಗಳು ಅವರ ಬಾಯಿಂದ ಸ್ವಲ್ಪ ಗಾಳಿ ಬೆರೆಸಿಕೊಂಡು ಬರುತ್ತಿದ್ದವು. ಹಗರಿಬೊಮ್ಮನಹಳ್ಳಿಯ ಕಾಲೇಜಿನಲ್ಲಿ ಹಿಂದಿನ ಬೆಂಚಿನವರು ಅದನ್ನು ಅಣಕಿಸುತ್ತಿದ್ದರು. ಮೇಡಂ ಕೇಳಿಸಿಕೊಂಡೂ ಪಾಠ ನಿಲ್ಲಿಸುತ್ತಿರಲಿಲ್ಲ.

ಭ್ರೂಣದ ಪಾಠದ ದಿನ ತಮ್ಮ ಡಬ್ಬಿಯಿಂದ ಮೂರು ಚಪಾತಿ ತೆಗೆದು ಒಂದರ ಮೇಲೊಂದಿಟ್ಟರು. ಮೇಲಿನದು ಚರ್ಮ, ಮಿದುಳು, ನಡುವಿನದು ಎಲುಬು, ಮಾಂಸ, ರಕ್ತ, ಕೆಳಗಿನದು ಕರುಳು. ಶುರುವಿನಲ್ಲಿ ನಾವೆಲ್ಲ ಇಷ್ಟೇ, ಮೂರು ಪದರ ಎಂದರು. ಆಮೇಲೆ ಅಂಚುಗಳನ್ನು ಕೆಳಗೆ ಮಡಿಚಿ, ಸುರುಳಿ ಮಾಡಿ, ಮೈಗೆ ಆಕಾರ ಬರುವುದನ್ನು ತೋರಿಸಿದರು. ಜೋಳದ ರೊಟ್ಟಿ ಯಾಕಲ್ಲ ಎಂದು ಯಾರೋ ಕೇಳಿದ್ದಕ್ಕೆ, ಅದು ಮಡಿಚಿದರೆ ಮುರಿಯುತ್ತದೆ, ಮನುಷ್ಯರು ಅಷ್ಟು ಖಡಕ್ ಇರುವುದಿಲ್ಲ ಎಂದು ನಕ್ಕರು. ಕೊನೆಗೆ ಮುಖದ ಮಾತು ಬಂತು. ಮುಖ ಎರಡೂ ಬದಿಯಿಂದ ಬೆಳೆದು ಬಂದು ನಡುವೆ ಕೂಡುತ್ತದಂತೆ.

"ಎರಡ್ನೇ ತಿಂಗಳದಾಗ ನಿಮ್ಮೆಲ್ಲರ ತುಟೀನೂ ಸೀಳೇ ಇತ್ತು. ನಿಮ್ದು ಕೂಡ್ತು, ನಂದು ಕೂಡ್ಲಿಲ್ಲ. ಅಷ್ಟ," ಎಂದರು.

ಅವತ್ತಿನಿಂದ ಅಣಕಿಸುವುದು ನಿಂತಿತು ಎಂದು ಬರೆಯಲು ಆಸೆ. ಏನೂ ನಿಲ್ಲಲಿಲ್ಲ.

ಅದೇ ವರ್ಷ, ಇಟ್ಟಿಗಿ ಊರಿಗೆ ಕೊಟ್ಟಿದ್ದ ನನ್ನ ಅಕ್ಕನಿಗೆ ಏಳು ತಿಂಗಳಿದ್ದಾಗ ಗ್ರಹಣ ಬಂತು. ನಮ್ಮ ಕಡೆ ಬಸುರಿ ಗ್ರಹಣ ಬಿಡುವವರೆಗೆ ಕತ್ತಲ ಕೋಣೆಯಲ್ಲಿ ಅಲುಗಾಡದೆ ಮಲಗಬೇಕು, ಏನನ್ನೂ ಕೊಯ್ಯಬಾರದು. ಅಕ್ಕ ಹಸಿವು ತಾಳಲಾರದೆ ಒಂದು ಸೌತೆಕಾಯಿ ಹೆಚ್ಚಿಕೊಂಡು ತಿಂದಳು. ಹುಟ್ಟಿದ ಗಂಡು ಮಗುವಿನ ತುಟಿ ಸೀಳಿತ್ತು. ಸರಿ, ಇನ್ನೇನು ಬೇಕು ಅವಳ ಗಂಡನ ಮನೆಯವರಿಗೆ? ಬಾಣಂತನ ನಮ್ಮಲ್ಲೇ, ಹಂಪಸಾಗರದಲ್ಲಿ. ನೋಡಲು ಬಂದ ಅವಳ ಅತ್ತೆ ಮಗುವನ್ನು ಎತ್ತಿಕೊಳ್ಳದೆ ವಾಪಸ್ ಹೋದಳು. ಅಕ್ಕನನ್ನು ಕರೆದೊಯ್ಯಲು ಮತ್ತೆ ಯಾರೂ ಬರಲಿಲ್ಲ. ಅದಕ್ಕಿಂತ ಸಂಕಟವೆಂದರೆ ಅಕ್ಕ ತಾನೇ ತಪ್ಪು ಒಪ್ಪಿಕೊಂಡಿದ್ದಳು. ಮಗುವಿಗೆ ಚಮಚದಲ್ಲಿ ಹಾಲು ಹಾಕುತ್ತ, ನಾನೇ ನಿನ್ನ ಬಾಯಿ ಕೊಯ್ದೆ ಕಂದಾ ಎಂದು ಅಳುತ್ತಿದ್ದಳು.

ಮೇಡಂಗೆ ಹೇಳಿದೆ. ಅವರಿಗೆ ಸಿಟ್ಟು ಬಂದದ್ದನ್ನು ನಾನು ಮೊದಲು ಕಂಡದ್ದು ಅವತ್ತು. ಭಾನುವಾರ ನನ್ನನ್ನೂ ಅಪ್ಪನನ್ನೂ ಕರೆದುಕೊಂಡು ಇಟ್ಟಿಗಿಗೆ ಬಂದರು. ತುಟಿ ಕೂಡುವುದು ಎರಡನೇ ತಿಂಗಳಲ್ಲಿ, ಗ್ರಹಣ ಬಂದದ್ದು ಏಳನೆಯದರಲ್ಲಿ, ಮೊದಲೇ ಆಗಿಹೋದದ್ದಕ್ಕೆ ಸೌತೆಕಾಯಿ ಏನು ಮಾಡೀತು ಎಂದು ತಾಳ್ಮೆಯಿಂದ ತಿಳಿಸಿದರು. ಆಪರೇಷನ್ ಮಾಡಿಸಿದರೆ ಸರಿಹೋಗುತ್ತದೆ ಎಂದರು. ಭಾವ ನೆಲ ನೋಡುತ್ತ ಕೂತಿದ್ದ. ಅತ್ತೆ ಎಲ್ಲವನ್ನೂ ಕೇಳಿ, ಚಹಾ ಕೊಟ್ಟು, ಮೇಡಂ ಮುಖವನ್ನೇ ದಿಟ್ಟಿಸಿದಳು.

"ನಿಮ್ಮವ್ವನೂ ಗ್ರಹಣದಾಗ ಏನಾರ ಕೊಯ್ದಿರಬೇಕು. ಆಕಿ ತಪ್ಪು ಮುಚ್ಚಾಕ ಹಿಂಗ ಮಾತಾಡ್ತೀರಿ, ಬಿಡ್ರಿ," ಎಂದಳು.

ಇವತ್ತಿಗೂ ಆ ಚಹಾ ನೆನೆದರೆ ನನ್ನ ಮೈ ಉರಿಯುತ್ತದೆ. ಮೇಡಂ ಲೋಟ ಕೆಳಗಿಟ್ಟು ಎದ್ದರು. ಬಸ್ಸಿನಲ್ಲಿ ಮೆಲ್ಲಗೆ ನನಗೆ ಹೇಳಿದರು. ಅವರೂರು ಬಾಗಳಿಯ ಮನೆಯಲ್ಲಿ ಅವರ ತಾಯಿ ಬಸುರಿಯಾಗಿದ್ದಾಗ ಗ್ರಹಣದ ಹೊತ್ತಿನಲ್ಲಿ ಹರಿದ ಕುಪ್ಪಸಕ್ಕೆ ಸೂಜಿ ಹಾಕಿದ್ದರಂತೆ. ಆ ಪಾಪ ತನ್ನದೆಂದು ಸಾಯುವವರೆಗೂ ಮಗಳ ಮುಖವನ್ನು ನೇರ ನೋಡಲಿಲ್ಲವಂತೆ.

"ನಾ ಇದನ್ನ ಓದೋ ಹೊತ್ತಿಗೆ ಆಕಿ ಇರ್ಲಿಲ್ಲ. ಯಾರಿಗೆ ಹೇಳ್ಲಿ?"

ಹೇಳಲು ಸಿಕ್ಕವಳು ನನ್ನ ಅಕ್ಕ. ಬಿಡುವಾದಾಗಲೆಲ್ಲ ಬಂದು ಅದನ್ನೇ ಹೇಳಿದರು. ಮಗುವಿನ ಆಪರೇಷನ್‌ಗೆ ದಾವಣಗೆರೆಗೆ ತಾವೇ ಜೊತೆ ಬಂದರು. ಅಕ್ಕ ತಲೆಯಾಡಿಸುತ್ತಿದ್ದಳು, ನಂಬಿದಳೋ ಇಲ್ಲವೋ ತಿಳಿಯುತ್ತಿರಲಿಲ್ಲ. ತುಟಿ ಕೂಡಿದ ಸುದ್ದಿ ಕೇಳಿ ಇಟ್ಟಿಗಿಯವರು ಬಂದರು ನೋಡಿ! ಹುಡುಗನನ್ನು ಕಳಿಸಿ, ಅವಳು ಬೇಡ ಎಂದರು. ಅಪ್ಪ ಅವರನ್ನು ಅಂಗಳದಿಂದಲೇ ಹೊರಗೆ ಹಾಕಿದ. ಅವತ್ತು ರಾತ್ರಿಯೂ ಅಕ್ಕ, ತಪ್ಪು ನನ್ನದೇ ಅಲ್ಲವೇ ಎಂದಳು.

ಹೋದ ವರ್ಷ ಮೇಡಂ ಎದೆನೋವಿನಿಂದ ತೀರಿಕೊಂಡರು. ನಾನು, ಅಕ್ಕ ಇಬ್ಬರೂ ಬಾಗಳಿಗೆ ಮಣ್ಣಿಗೆ ಹೋದೆವು. ಅಂಗಳದಲ್ಲಿ ಕೂತಿದ್ದ ಮುದುಕಿಯೊಬ್ಬಳು, ಎಷ್ಟು ಓದಿದರೇನು ಬಂತು, ಅವರವ್ವ ಗ್ರಹಣದಲ್ಲಿ ಸೂಜಿ ಹಿಡಿದು ಮಗಳ ಬಾಳು ಕೆಡಿಸಿದಳು ಎಂದಳು. ಸುತ್ತಲಿನ ಹೆಂಗಸರು ಲೊಚಗುಟ್ಟಿದರು. ನಾನು ಬಾಯಿ ತೆರೆಯುವ ಮೊದಲೇ, ನಾಲ್ಕು ಜನರೆದುರು ಎಂದೂ ಮಾತಾಡದ ನನ್ನ ಅಕ್ಕ ಎದ್ದು ನಿಂತಳು.

"ಅವರವ್ವ ಏನೂ ಮಾಡಿರ್ಲಿಲ್ರಿ," ಎಂದಳು. "ನಾನೂ ಮಾಡಿಲ್ಲ."

ಆ ಮಾತು ಕೇಳಲು ಇಷ್ಟು ವರ್ಷ ಕಾದ ಮೇಡಂ ಅವರನ್ನು ಒಳಗೆ ಗೋಡೆಗೆ ಒರಗಿಸಿ, ಹಾರ ಹಾಕಿ ಕೂರಿಸಿದ್ದರು.